ಅಪ್ಪ ಕ್ಷಮಿಸಿದ ಭಾನುವಾರ

ಕಾಮಣ್ಣನನ್ನು ಸುಟ್ಟ ಮೇಲೆ ಬಂದ ಭಾನುವಾರ. ಬೆಳಿಗ್ಗೆ ಒಂಬತ್ತು ಗಂಟೆ. ಪ್ರಾರ್ಥನಾ ಮಂದಿರದ ಕಟ್ಟೆಯ ಮುಂದೆ ಇದ್ದವರು ಅಪ್ಪ, ಅವ್ವ, ಅಣ್ಣ ಯೋಹಾನ, ಒಂಬತ್ತು ವರ್ಷದ ನಾನು, ಆರಾಧನೆಗೆ ಬಂದಿದ್ದ ನಮ್ಮ ಓಣಿಯ ಜನ, ಊರ ಗೌಡರು ಮತ್ತು ಗೌಡರ ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಹನುಮೇಶ. ನಾನು ದುಡಿಯುವ ವಯಸ್ಸನ್ನೆಲ್ಲ ಆಸ್ಪತ್ರೆಯಲ್ಲಿ ನರ್ಸ್ ಆಗಿ ಕಳೆದವಳು. ಪಾಳಿ ಬದಲಾಗುವಾಗ ಹೊತ್ತು ಎಷ್ಟು, ಯಾರು ಯಾರು ಇದ್ದರು ಎಂಬುದನ್ನು ಮೊದಲು ಹೇಳಿ, ಆಮೇಲೆ ನಡೆದದ್ದನ್ನು ಹೇಳುವುದು ನಮ್ಮ ಪದ್ಧತಿ. ಆ ಭಾನುವಾರವನ್ನೂ ಹಾಗೆಯೇ ಹೇಳುತ್ತೇನೆ. ಬೇರೆ ರೀತಿ ಹೇಳಲು ಹೋದರೆ ನನ್ನಿಂದ ಪೂರ್ತಿ ಮಾಡಲು ಆಗುವುದಿಲ್ಲ.

ಮೊದಲು ಮನೆಯ ವಿಷಯ. ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಬಂದು ಕಾಲುವೆ ದಾಟಿದರೆ ನಮ್ಮೂರು. ಊರ ಅಂಚಿನಲ್ಲಿ ಮಂದಿರ, ಮಂದಿರದ ಗೋಡೆಗೆ ಅಂಟಿಕೊಂಡು ನಮ್ಮ ಮನೆ. ಮಣ್ಣಿನ ಮಾಳಿಗೆ, ಒಂದು ಪಡಸಾಲೆ, ಒಂದು ಅಡುಗೆಮನೆ. ಅಪ್ಪ ಸಭೆಯ ಉಪದೇಶಿ. ಭಾನುವಾರ ಆರಾಧನೆ ನಡೆಸುತ್ತಿದ್ದ, ಉಳಿದ ದಿನ ಪಡಸಾಲೆಯಲ್ಲಿ ಊರ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ. ಹಾಗಾಗಿ ಊರಿಗೆಲ್ಲ ಅವನು ಮಾಸ್ತರ. ಮನೆಯಲ್ಲಿ ಎಲ್ಲದಕ್ಕೂ ಹೊತ್ತು ಗೊತ್ತುಪಡಿಸಿತ್ತು. ಏಳಲು, ನೀರು ತರಲು, ಉಣ್ಣಲು, ಓದಲು. ದೀಪ ಹಚ್ಚಿದ ಮೇಲೆ ಚಾಪೆ ಹಾಸಿ ಪ್ರಾರ್ಥನೆ. ಅಪ್ಪ ಪ್ರಾರ್ಥನೆ ಮುಗಿಸಿದ ಕೂಡಲೇ ನಾವೆಲ್ಲ ಆಮೆನ್ ಹೇಳಬೇಕು. ಯೋಹಾನನದು ಬಾಯೊಳಗೇ ಉಳಿಯುತ್ತಿತ್ತು, ನನ್ನದು ಅವಸರದ್ದು. ಅವ್ವನದು ಎಲ್ಲರದೂ ಮುಗಿದ ಮೇಲೆ ನಿಧಾನವಾಗಿ, ದೊಡ್ಡದಾಗಿ ಬರುತ್ತಿತ್ತು. ಅಪ್ಪ ಬೇಡಿಕೊಂಡದ್ದನ್ನೆಲ್ಲ ಇವಳೊಬ್ಬಳು ತೂಗಿ ನೋಡಿ, ಸರಿ ಇದೆ ಎಂದು ಒಪ್ಪಿದ ಹಾಗೆ. ನಾವಿಬ್ಬರೂ ಚಾಪೆಯ ಮೇಲೆ ಮುಸಿಮುಸಿ ನಗುತ್ತಿದ್ದೆವು.

ಆ ಚಳಿಗಾಲದವರೆಗೆ ಚಾಪೆಯ ಮೇಲೆ ಇನ್ನೊಬ್ಬನಿದ್ದ. ನನ್ನ ತಮ್ಮ ದಾನಿಯೇಲ, ಎಲ್ಲರ ಬಾಯಲ್ಲಿ ದಾನು. ಇನ್ನೂ ಹಲ್ಲು ಬರುತ್ತಿದ್ದ ಕೂಸು. ಸಂಕ್ರಾಂತಿ ಕಳೆದ ವಾರ ಜ್ವರ ಬಂತು, ಭೇದಿ ಹತ್ತಿತು. ಗಂಗಾವತಿಯ ಆಸ್ಪತ್ರೆಗೆ ಒಯ್ಯಲು ಅಪ್ಪ ಗಾಡಿ ಹೂಡಿಸುವಷ್ಟರಲ್ಲಿ ಅವ್ವನ ತೊಡೆಯ ಮೇಲೆಯೇ ಹೋಗಿಬಿಟ್ಟಿತು. ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಮುಂದೆ ಕುಳಿತು ಹಾಡಾಡಿ ಅಳುತ್ತಾರೆ. ಸತ್ತವರ ನಡೆ ನುಡಿ, ತಿಂದದ್ದು, ಉಟ್ಟದ್ದು, ಎಲ್ಲವೂ ಆ ಅಳುವಿನ ಹಾಡಿನಲ್ಲಿ ಬರುತ್ತದೆ. ಅವ್ವ ಕೂಸಿನ ತಲೆ ನೇವರಿಸುತ್ತ ಆ ಹಾಡನ್ನು ಎತ್ತಿಕೊಂಡಳು. ಎರಡು ಸಾಲು ಆಗಿರಬೇಕು. ಅಪ್ಪ ಅವಳ ಭುಜ ಮುಟ್ಟಿದ.

"ಶಾಂತಾ, ನಾವು ಹಂಗ ಅಳಬಾರದು. ಸತ್ತವ್ರು ಮತ್ತ ಎದ್ದು ಬರ್ತಾರಂಬ ನಿರೀಕ್ಷೆ ಇದ್ದವ್ರು ನಾವು. ಜನಾ ನೋಡಾಕತ್ತಾರ."

ಅವ್ವ ಸುಮ್ಮನಾದಳು. ಅಪ್ಪ ಚಹದ ಪೆಟ್ಟಿಗೆಯ ಹಲಗೆ ಬಿಚ್ಚಿ ಸಣ್ಣ ಪೆಟ್ಟಿಗೆ ಮಾಡಿದ. ಕಾಲುವೆ ಏರಿಯ ಕೆಳಗೆ ನಮ್ಮ ಸಭೆಯ ನೆಲದಲ್ಲಿ ಹಾಡು ಹೇಳಿ ಮಣ್ಣು ಕೊಟ್ಟೆವು. ಹಾಡಿನಲ್ಲಿ ಅವ್ವನೂ ಬಾಯಿ ಆಡಿಸಿದಳು. ದೂರದಲ್ಲಿ ನಿಂತು ನೋಡುತ್ತಿದ್ದ ಊರ ಹೆಂಗಸರು ಸೆರಗು ಬಾಯಿಗಿಟ್ಟು, ಇವರದೇನು ಎದಿಯೋ ಕಲ್ಲೋ, ಕೂಸು ಸತ್ತರ ಹಾಡ ಹೇಳ್ತಾರಲ್ಲ ಎಂದು ಮಾತಾಡಿಕೊಂಡದ್ದು ನನಗೆ ಕೇಳಿಸಿತು. ಅವರದು ಕುಹಕವಲ್ಲ, ಅವರಿಗೆ ತಿಳಿಯಲಿಲ್ಲ ಅಷ್ಟೇ. ಒಂದು ಮಾತು ನಾನು ಈಗ ಹೇಳಬಲ್ಲೆ: ನನಗೂ ತಿಳಿದಿರಲಿಲ್ಲ.

ಹೋಳಿ ಹುಣ್ಣಿಮೆ ಬರುವುದು ನಮ್ಮ ಶ್ರಮೆಯ ದಿನಗಳಲ್ಲಿ, ಈಸ್ಟರಿಗೆ ಮುಂಚೆ ಕರ್ತನ ಪಾಡನ್ನು ನೆನೆದು ವ್ರತ ಹಿಡಿಯುವ ದಿನಗಳಲ್ಲಿ. ನಮ್ಮ ಮನೆಯಲ್ಲಿ ಮಾಂಸ ಇಲ್ಲ, ನಗೆಚಾಟಿಕೆ ಇಲ್ಲ. ಹೊರಗೆ ಊರೆಲ್ಲ ಹಲಗೆ ಬಡಿಯುತ್ತ, ಬಾಯಿ ಬಡಿದುಕೊಂಡು ಲಬೋ ಲಬೋ ಎನ್ನುತ್ತ ತಿರುಗುತ್ತಿತ್ತು. ಬಣ್ಣದ ದಿನ ಹುಡುಗರು ಸೋಗು ಹಾಕುತ್ತಾರೆ. ಊರಿನ ಯಾರನ್ನು ಬೇಕಾದರೂ ಅಣಕಿಸಬಹುದು, ಅಂದು ಯಾರೂ ಸಿಟ್ಟಾಗಬಾರದು ಎಂಬುದು ಕಟ್ಟು. ಗೌಡರ ಹೊಟ್ಟೆ, ಶಾನುಭೋಗರ ಕನ್ನಡಕ, ಶೆಟ್ಟರ ತಕ್ಕಡಿ ಎಲ್ಲವೂ ಬೀದಿಗೆ ಬರುತ್ತಿದ್ದವು. ಅಪ್ಪನ ಸೋಗೂ ಹಿಂದೆ ಬಂದಿತ್ತು. ಮೊಣಕಾಲು ಮುಟ್ಟುವ ಕರಿ ಕೋಟು, ಕಂಕುಳಲ್ಲಿ ಕೊಡೆ, ಹಾಲಿನ ಪುಡಿ ಹಂಚುವ ನಟನೆ. ಮಿಷನ್ನಿನವರು ಹಂಚುವ ಹಾಲಿನ ಪುಡಿಯ ಆಸೆಗೆ ಮತ ಬಿಟ್ಟವರು ಎಂಬ ಅರ್ಥದಲ್ಲಿ "ಹಾಲಿನ ಪುಡಿ ಕಿರಸ್ತಾನರು" ಎಂದು ನಮ್ಮನ್ನು ಕರೆಯುವುದು ಹೊಸದಲ್ಲ. ಅಪ್ಪ ಬಾಗಿಲಲ್ಲಿ ನಿಂತು ನಕ್ಕು, ಕೋಟು ನನ್ನದಕ್ಕಿಂತ ಛಲೋ ಐತಿ ಎಂದು ಹೇಳಿ ಕಳಿಸಿದ್ದ. ಅವನ ಮಟ್ಟಿಗೆ ಅದು ಸರಿಯಾದ ಉತ್ತರ. ನಕ್ಕದ್ದು ಅವನನ್ನು ನೋಡಿ, ಉತ್ತರ ಕೊಟ್ಟವನೂ ಅವನು.

ಆ ವರ್ಷ ಮೆರವಣಿಗೆ ನಮ್ಮ ಮನೆಯ ಮುಂದೆ ಬಂದಾಗ ಅವ್ವ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಎತ್ತಿಲ್ಲದ ಗಾಡಿಯನ್ನು ಹುಡುಗರು ಎಳೆದು ತಂದರು. ಗಾಡಿಯ ಮೇಲೆ ಸಾಬೂನಿನ ದೊಡ್ಡ ಕಟ್ಟಿಗೆಯ ಪೆಟ್ಟಿಗೆ. ಪೆಟ್ಟಿಗೆಯ ಹೊರಗೆ ಎರಡು ಉದ್ದನೆಯ ಕಾಲು ಜೋತಾಡುತ್ತಿದ್ದವು. ಮುಂದೆ ಕರಿ ಕೋಟಿನವನು. ಪಕ್ಕದಲ್ಲಿ ಸೀರೆ ಉಟ್ಟ ಒಬ್ಬ ಗಂಡಸು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಿ ಅಗಲ ಮಾಡಿ ರಾಗ ತೆಗೆಯುತ್ತಿದ್ದ.

"ಅಳಬ್ಯಾಡವ್ವಾ, ಅಳಬ್ಯಾಡ. ಹಾಡು, ಹಾಡು," ಎಂದ ಕೋಟಿನವನು. "ಮೂರ ದಿನಕ್ಕ ಎದ್ದ ಬರತೈತಿ ನಿನ್ನ ಕೂಸು."

"ಬರಲಿಲ್ಲಂದ್ರ?" ಎಂದ ಸೀರೆಯವನು.

"ಹಾಲಿನ ಪುಡಿ ತೋರ್ಸು, ಬರತೈತಿ."

ಜನ ನಕ್ಕರು. ಪೆಟ್ಟಿಗೆಯೊಳಗಿನಿಂದ ಹನುಮೇಶ ಬೆರಳು ಚೀಪುತ್ತ ಎದ್ದು ಕುಳಿತ. ಈ ಹನುಮೇಶ ನಮ್ಮ ಪಕ್ಕದ ಓಣಿಯ ರೈತರ ಮಗ, ಯೋಹಾನನ ಓರಿಗೆಯವನು, ನಮ್ಮ ಪಡಸಾಲೆಯಲ್ಲೇ ಅಕ್ಷರ ಕಲಿತವನು. ಅವ್ವನಿಗೆ ಅವನು ಹನುಮ್ಯಾ, ಅವನಿಗೆ ಅವಳು ಅಕ್ಕಾರು. ಹೊಲದಿಂದ ಬರುತ್ತ ನಮ್ಮಲ್ಲಿ ಮಜ್ಜಿಗೆ ಕುಡಿದು, ದಾನುವನ್ನು ಹೆಗಲ ಮೇಲೆ ಕೂರಿಸಿಕೊಂಡು ಕಾಲುವೆಯವರೆಗೆ ಹೋಗಿ ಬರುತ್ತಿದ್ದ. ಅವನಿಗೆ ಕೊಟ್ಟ ಪಾತ್ರ ಅದು, ಏಳು ಎಂದರು, ಎದ್ದ. ನಾನು ನೋಡಿದ್ದು ಅವ್ವನನ್ನು. ಪೆಟ್ಟಿಗೆಯಿಂದ ತಲೆಯೊಂದು ಮೇಲೆದ್ದ ಆ ಕ್ಷಣ ಅವಳು ಮೊರ ಬಿಟ್ಟು ಎದ್ದು ಒಂದು ಹೆಜ್ಜೆ ಮುಂದೆ ಇಟ್ಟಳು. ಎರಡೂ ಕೈ ಚಾಚಿದ್ದಳು. ಎತ್ತಿಕೊಳ್ಳಲು ಚಾಚುವ ಹಾಗೆ.

ಹನುಮೇಶ ಅದನ್ನು ನೋಡಿದ. ಬೆರಳು ಬಾಯಿಂದ ಕೆಳಗೆ ಬಿತ್ತು. ಗಾಡಿಯಿಂದ ಇಳಿದು, ಮೈತುಂಬ ಬಣ್ಣ ಇದ್ದ ಹಾಗೆಯೇ, ಕಾಲುವೆ ಕಡೆಗೆ ನಡೆದುಬಿಟ್ಟ. ಯೋಹಾನ ಒಳಗಿನಿಂದ ಬಡಿಗೆ ಹಿಡಿದು ಬಂದ. ಅಪ್ಪ ಬಾಗಿಲಿಗೆ ಅಡ್ಡ ನಿಂತ.

"ಬಿಡಪ್ಪಾ, ಅವ್ವನ ಮಾರಿ ನೋಡು ಒಮ್ಮೆ," ಎಂದ ಯೋಹಾನ.

"ಬಡಿಗಿ ಕೆಳಗ ಇಡು. ನಮ್ಮ ಕರ್ತಗ ಇದಕ್ಕಿಂತ ಹೆಚ್ಚು ನಕ್ಕಾರ."

ಅಂದು ದೀಪ ಹಚ್ಚಿದ ಮೇಲೆ ಅಪ್ಪ ಅಣಕಿಸಿದವರನ್ನು ಹೆಸರು ಹಿಡಿದು ಕ್ಷಮಿಸಬೇಕೆಂದು ಪ್ರಾರ್ಥಿಸಿದ. ಅವನು ನಾಟಕ ಮಾಡುವವನಲ್ಲ. ಆ ಕ್ಷಮೆಗೆ ಅವನು ತನ್ನ ಒಳಗೆ ಎಷ್ಟು ಜಗ್ಗಾಡಿದ್ದನೋ ನನಗೆ ಗೊತ್ತಿಲ್ಲ. ನಾವು ಆಮೆನ್ ಎಂದೆವು. ಅವ್ವನದು ಬರುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೇ ಕಾದೆ. ಬರಲಿಲ್ಲ.

ಇನ್ನು ಭಾನುವಾರ. ನಡೆದದ್ದು ಗೌಡರ ಕಿವಿಗೆ ಬಿದ್ದಿತ್ತು. ಕಾಮಣ್ಣನ ಹಬ್ಬಕ್ಕೂ ಒಂದು ಗೆರೆ ಉಂಟು ಎಂದು ಅವರು ಕೋಟಿನವನನ್ನೂ ಸೀರೆಯವನನ್ನೂ ಚಾವಡಿಯಲ್ಲಿ ಕೂರಿಸಿ ಬೈದಿದ್ದರಂತೆ. ಅವರಿಬ್ಬರೂ ಬರಲು ಒಲ್ಲೆ ಎಂದರು. ಹನುಮೇಶ ಯಾರೂ ಕರೆಯದೆ ತಾನೇ ಗೌಡರ ಮನೆಗೆ ಹೋಗಿ, ನಾನು ಹೋಗಿ ಒಂದು ಮಾತು ಹೇಳಬೇಕು, ಒಬ್ಬನೇ ಹೋಗಲು ಧೈರ್ಯ ಸಾಲದು ಎಂದಿದ್ದ. ಆರಾಧನೆಗೆ ಗಂಟೆ ಬಾರಿಸುವ ಹೊತ್ತಿಗೆ ಇಬ್ಬರೂ ಬಂದರು. ಕಟ್ಟೆಯ ಹತ್ತಿರ ಚಪ್ಪಲಿ ಬಿಟ್ಟರು.

"ಮಾಸ್ತರ್ರ, ಹುಡುಗ್ರು ಮಾಡಿದ್ದು ಭಾಳ ತಪ್ಪಾತು," ಎಂದರು ಗೌಡರು. "ಇವ ತನ್ನಷ್ಟಕ್ಕ ತಾನ ಬಂದಾನ. ಅವಂದೇನೋ ಹೇಳೂದೈತಂತ, ಕೇಳ್ರಿ."

ಹನುಮೇಶ ಮುಂದೆ ಬಂದ. ಅಪ್ಪನ ಕಡೆ ನೋಡಲಿಲ್ಲ. ಹೆಂಗಸರ ಗುಂಪಿನಲ್ಲಿದ್ದ ಅವ್ವನನ್ನು ಹುಡುಕಿ ಅವಳ ಕಡೆ ನೋಡಿದ. ಅವ್ವ ತಲೆಯ ಮೇಲಿನ ಸೆರಗು ಸರಿಸಿ ನೆಟ್ಟಗೆ ನಿಂತಳು.

"ಅಕ್ಕಾರ," ಎಂದ ಅವನು. "ನಾ ಅವತ್ತು..."

ಅಷ್ಟರಲ್ಲಿ ಅಪ್ಪ ಎರಡು ಹೆಜ್ಜೆಯಲ್ಲಿ ಮುಂದೆ ಹೋಗಿ ಅವನನ್ನು ಬಾಚಿ ತಬ್ಬಿಕೊಂಡುಬಿಟ್ಟ.

"ಏನೂ ಹೇಳಬ್ಯಾಡಪಾ. ನಾವು ಅವತ್ತೇ ಕ್ಷಮಾ ಮಾಡೇವಿ. ಮುಗೀತು ಅದು. ಮನಿಗೆ ಹೋಗು, ಆರಾಮ ಇರು."

"ಅಲ್ರಿ ಮಾಸ್ತರ್ರ, ಅಕ್ಕಾರ ಕೂಡ ಒಂದ ಮಾತು..."

"ಅವ್ರದೂ ನಂದೂ ಬ್ಯಾರೆ ಐತೇನು? ಹೋಗು, ಹೋಗು."

ಗೌಡರ ಕಣ್ಣಲ್ಲಿ ನೀರು ಬಂತು. ಎಂಥ ದೊಡ್ಡ ಮನಸ್ಸು ಎಂದು ಅಪ್ಪನ ಕೈ ಹಿಡಿದುಕೊಂಡರು. ಸಭೆಯವರು ಸ್ತೋತ್ರ ಹೇಳಿದರು. ಹನುಮೇಶ ಇನ್ನೊಮ್ಮೆ ಅವ್ವನ ಕಡೆ ನೋಡಿದ. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋದ. ಅಪ್ಪನ ಅಂದಿನ ಉಪದೇಶ ಚೆನ್ನಾಗಿತ್ತು. ಆ ದಿನದ ಮೇಲೆ ಊರಲ್ಲಿ ನಮ್ಮ ಸೋಗು ಬರಲಿಲ್ಲ. ಹಾಲಿನ ಪುಡಿ ಎಂದು ಕರೆಯುವುದೂ ನಿಂತಿತು. ಸುತ್ತಲಿನ ಸಭೆಗಳಲ್ಲಿ, ಕೂಟಗಳಲ್ಲಿ ಬೋಧಕರು ಈ ಕಥೆಯನ್ನು ದೃಷ್ಟಾಂತವಾಗಿ ಹೇಳುತ್ತಿದ್ದರು: ಹೀಗೆ ಹೀಗೆ ಒಬ್ಬ ಉಪದೇಶಿ, ಅವನ ಸತ್ತ ಕೂಸನ್ನು ಅಣಕಿಸಿದರು, ಅವನು ಕ್ಷಮೆ ಕೇಳಲೂ ಬಿಡದೆ ಕ್ಷಮಿಸಿದ. ಅವ್ವ ಹೆಂಗಸರ ಜಮಖಾನೆಯ ಮೇಲೆ ಕುಳಿತು ಅದನ್ನು ಕೇಳುತ್ತಿದ್ದಳು. ದೃಷ್ಟಾಂತದಲ್ಲಿ ಅವಳು ಇರುತ್ತಿರಲಿಲ್ಲ.

ಆ ಭಾನುವಾರದ ಮಧ್ಯಾಹ್ನದ ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅವ್ವ ಬಡಿಸಿದಳು. ಅಪ್ಪ ಮೊದಲ ತುತ್ತು ಮುರಿದಾಗ ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ಅವ ಬಾಯಿ ತೆಗದಿದ್ದ."

"ಯಾರು?"

"ಹನುಮ್ಯಾ. ನನ್ನ ಕಡೆ ನೋಡಿ ಬಾಯಿ ತೆಗದಿದ್ದ. ನೀವು ಅಪ್ಪಿಕೊಂಡು ಮುಚ್ಚಿಬಿಟ್ರಿ."

"ಕ್ಷಮಾ ಮಾಡಿದ ಮ್ಯಾಲ ಇನ್ನೇನ ಕೇಳೂದೈತಿ ಶಾಂತಾ?"

"ಯಾರು ಮಾಡಿದ್ರಿ?"

"ನಾವು."

"ನಾ ಮಾಡಿಲ್ಲ."

ಯೋಹಾನ ಉಣ್ಣುವುದನ್ನು ನಿಲ್ಲಿಸಿದ. ಅಪ್ಪ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ. ಅವ್ವ ದನಿ ಏರಿಸಲಿಲ್ಲ. ರೊಟ್ಟಿ ತಟ್ಟುತ್ತಲೇ ಇದ್ದಳು.

"ನಿಮ್ಮ ಕೋಟಿಗೆ ನಕ್ಕಿದ್ದು ನೀವು ಮಾಫ್ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಕರ್ತಗ ನಕ್ಕಿದ್ದು ಕರ್ತ ನೋಡ್ಕೋತಾನ. ನನ್ನ ಕೂಸಿಗೆ ನಕ್ಕಿದ್ದು ನನಗ ಬಿಡಬೇಕಾಗಿತ್ತು. ಅವ ಏನಂತಿದ್ದ, ಕೇಳಿ ನಾ ಬಯ್ಯತಿದ್ನೋ, ಕಪಾಳಕ್ಕ ಹೊಡೀತಿದ್ನೋ, ಅವನ ಕೂಡ ಕುಂತು ಅಳತಿದ್ನೋ, ನನಗ ಗೊತ್ತಿಲ್ಲ. ದಾನುನ್ನ ಹೊತ್ತು ತಿರುಗಿದವ ಅವ ಒಬ್ಬನ. ಅವನ ಕೂಡ ಅತ್ತಿದ್ರ ಯಾರೂ ಬ್ಯಾಡ ಅಂತಿದ್ದಿಲ್ಲ."

ಅಪ್ಪ ತಟ್ಟೆ ಬಿಟ್ಟು ಎದ್ದ. ಆಮೇಲೆ ಕೈ ತೊಳೆದು, ಕೋಟು ಹಾಕಿಕೊಳ್ಳದೆ, ಬರಿ ಅಂಗಿಯಲ್ಲೇ ಹೊರಟ. ನಾನು ಅವನ ಹಿಂದೆ ಹೋದೆ. ಹನುಮೇಶನ ಮನೆಯ ಕಟ್ಟೆಯ ಮೇಲೆ ಅವನ ತಾಯಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು.

"ಹನುಮೇಶ ಎಲ್ಲದಾನವ್ವ?"

"ಹೋಗ್ಯಾನ್ರಿ ಮಾಸ್ತರ್ರ. ಕಾರಟಗಿ ಅಕ್ಕಿ ಮಿಲ್ಲಿನಾಗ ಹಮಾಲಿ ಮಾಡ್ತೀನಂದು ಈಗಿನ ಬಸ್ಸಿಗೆ ಹೋದ. ನಾನೂ ಹೇಳಿದೆ, ಮಾಸ್ತರ್ರು ಮಾಫ್ ಮಾಡ್ಯಾರ, ಇನ್ನ ಯಾಕ ಹೋಗ್ತಿ ಅಂತ. ಅಕ್ಕಾರಿಗೆ ಮಾರಿ ತೋರ್ಸಾಕ ಆಗವಲ್ದು ಅಂದ."

ಮುಂದೆ ಒಂದು ದಿನ ಅಪ್ಪ ಕಾರಟಗಿಗೆ ಹೋಗಿ ಮಿಲ್ಲು ಮಿಲ್ಲು ತಿರುಗಿದ. ಇದ್ದ, ಲಾರಿಯವರ ಜೊತೆ ಮುಂದಕ್ಕೆ ಹೋದ ಎಂದರಂತೆ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವನ ತಾಯಿ ತೀರಿಕೊಂಡಾಗಲೂ ಅವನು ಬರಲಿಲ್ಲ.

ಈಗ ಗಂಗಾವತಿಯಲ್ಲಿ ನಮ್ಮ ಸಭೆಯ ಹುಡುಗರು ನನ್ನ ಮನೆಗೆ ಬರುತ್ತಾರೆ. ಪ್ರಾರ್ಥನೆಯಲ್ಲಿ ಅಳುವವರನ್ನು ಯಾರೋ ಕದ್ದು ಚಿತ್ರೀಕರಿಸಿ, ಅದಕ್ಕೆ ನಗೆಯ ಹಾಡು ಸೇರಿಸಿ ಹರಿಬಿಟ್ಟ ವಿಡಿಯೋಗಳನ್ನು ಫೋನಿನಲ್ಲಿ ತೋರಿಸುತ್ತಾರೆ. ಒಬ್ಬ ಕೇಸು ಹಾಕೋಣ ಎನ್ನುತ್ತಾನೆ. ಇನ್ನೊಬ್ಬ, ನಾವು ನಿಮ್ಮನ್ನು ಕ್ಷಮಿಸಿದ್ದೇವೆ ಎಂದು ಸಭೆಯ ಪರವಾಗಿ ಬರೆದು ಹಾಕೋಣ, ಅದೇ ಕ್ರೈಸ್ತರಿಗೆ ತಕ್ಕದ್ದು ಎನ್ನುತ್ತಾನೆ. ಅಕ್ಕಾರ, ನೀವೇನಂತೀರಿ ಎಂದು ಕೇಳುತ್ತಾರೆ. ಕಾನೂನು ಅವರಿಗೆ ನನಗಿಂತ ಹೆಚ್ಚು ಗೊತ್ತು. ಕ್ಷಮಿಸಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾನು ಅಪ್ಪನ ಮಗಳು. ನಾನು ಕೇಳುವುದು ಒಂದೇ. ಈ ವಿಡಿಯೋದಲ್ಲಿ ಅಳುತ್ತಿರುವ ಹೆಣ್ಣುಮಗಳ ಮನೆಗೆ ನಿಮ್ಮಲ್ಲಿ ಯಾರು ಹೋಗಿ ಬಂದಿರಿ? ಮೊದಲು ಹೋಗಿ ಬನ್ನಿ ಎಂದು ಕಳಿಸುತ್ತೇನೆ. ಕೆಲವರು ಹೋಗುತ್ತಾರೆ. ಕೆಲವರಿಗೆ ಅದು ನಿಧಾನವಾಯಿತು ಎನಿಸುತ್ತದೆ. ಅಷ್ಟರಲ್ಲಿ ಕ್ಷಮೆಯನ್ನು ಬರೆದು ಹಾಕಿಯೂ ಆಗಿರುತ್ತದೆ.

ಅವ್ವ ಸಭೆ ಬಿಡಲಿಲ್ಲ. ಅಪ್ಪನನ್ನು ಬಿಡಲಿಲ್ಲ. ಮನೆಯ ಹೊತ್ತುಗಳನ್ನು ಒಂದೂ ತಪ್ಪಿಸಲಿಲ್ಲ. ಚಾಪೆ ಹಾಸಿದರೆ ಬಂದು ಕೂರುತ್ತಿದ್ದಳು, ತಲೆ ಬಾಗಿಸುತ್ತಿದ್ದಳು. ಆಮೆನ್ ಮಾತ್ರ ಮತ್ತೆ ಹೇಳಲಿಲ್ಲ. ಅವಳ ಕೊನೆಯ ಬೇನೆಯಲ್ಲಿ ನಾನೇ ರಜೆ ಹಾಕಿ ಹತ್ತಿರ ಇದ್ದೆ. ಸಭೆಯ ಪಾದ್ರಿ ಅಯ್ಯನವರು ಬಂದು ಪ್ರಾರ್ಥಿಸಿದರು. ಅವರು ಮುಗಿಸಿದಾಗ ಅವಳು ಎಚ್ಚರವಾಗಿಯೇ ಇದ್ದಳು, ನನ್ನ ಕೈ ಹಿಡಿದಿದ್ದಳು. ತುಟಿ ಅಲುಗಲಿಲ್ಲ. ನಾನು ಬೇರೆಯವರ ಹಾಸಿಗೆಯ ಪಕ್ಕದಲ್ಲಿ ಎಷ್ಟೋ ಸಾವು ನೋಡಿದವಳು. ಅಂದು ಮಾತ್ರ ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ.

ಆ ಭಾನುವಾರದ್ದು ಇನ್ನು ಸ್ವಲ್ಪ ಉಳಿದಿದೆ. ಹನುಮೇಶನ ಮನೆಯಿಂದ ಬರುವಾಗ ಅಪ್ಪ ನೆಟ್ಟಗೆ ಮನೆಗೆ ಬರಲಿಲ್ಲ. ಕಾಲುವೆ ಏರಿ ಇಳಿದು ದಾನುವಿನ ಮಣ್ಣಿನ ಹತ್ತಿರ ನಿಂತ. ನಾನು ಏರಿಯ ಮೇಲೆಯೇ ಉಳಿದೆ. ಗದ್ದೆಗಳಿಗೆಲ್ಲ ನೀರು ಬಿಟ್ಟಿದ್ದರು, ಬೇಸಿಗೆ ಭತ್ತ ಹಸಿರಾಗಿತ್ತು. ಅವನು ಪ್ರಾರ್ಥಿಸುತ್ತಾನೆ ಎಂದುಕೊಂಡೆ. ತಲೆ ಬಾಗಿಸಲಿಲ್ಲ, ಕೈ ಮುಗಿಯಲಿಲ್ಲ. ಹೊತ್ತು ಮುಳುಗುವಾಗ ಇಬ್ಬರೂ ಮನೆಗೆ ಬಂದೆವು.

ಅವ್ವ ಏನಾಯಿತು ಎಂದು ಕೇಳಲಿಲ್ಲ. ಅಪ್ಪನೇ ಹೇಳಿದ.

"ಅವ ಸಿಗಲಿಲ್ಲ. ಹೋಗ್ಯಾನಂತ."

"ಹ್ಞೂಂ."

ದೀಪ ಹಚ್ಚಿದಳು. ಯೋಹಾನ ಚಾಪೆ ಹಾಸಿದ. ನಾವು ಕುಳಿತೆವು. ಅಪ್ಪ ಕಣ್ಣು ಮುಚ್ಚಿ ಕರ್ತನೇ ಎಂದು ಆರಂಭಿಸಿದ, ಅಲ್ಲಿಗೆ ನಿಂತ. ನಾನು ಕಣ್ಣು ತೆರೆದು ನೋಡಿದೆ. ಸಭೆಯ ಮುಂದೆ ಒಂದು ದಿನವೂ ಮಾತಿಗೆ ತಡವರಿಸದವನು, ಬಾಯಿ ತೆರೆದುಕೊಂಡೇ ಕುಳಿತಿದ್ದ. ಕೊನೆಗೆ ಕಣ್ಣು ತೆರೆದು ಅವ್ವನ ಕಡೆ ತಿರುಗಿದ. ಮಕ್ಕಳ ಮುಂದೆ ಅವಳ ಜೊತೆ ಅವನು ಆ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಶಾಂತಾ, ಅಳು. ಹಾಡಾಡಿ ಅಳು. ನಾ ಏನೂ ಅನ್ನಂಗಿಲ್ಲ. ಜನಾ ಕೇಳಿದ್ರ ಕೇಳಲಿ."

ಅವ್ವ ಅವನನ್ನು ನೋಡಿದಳು. ಒಂದು ಉಸಿರು ಎಳೆದುಕೊಂಡಳು, ಆ ಹಾಡು ಎತ್ತಿಕೊಳ್ಳುವ ಮುಂಚೆ ನಮ್ಮ ಕಡೆಯ ಹೆಣ್ಣುಮಕ್ಕಳು ಎಳೆದುಕೊಳ್ಳುವ ಉಸಿರು. ನಾನು ಕಾದೆ. ಯೋಹಾನ ಕಾದ. ಉಸಿರು ಹಾಗೆಯೇ ಹೊರಗೆ ಹೋಯಿತು.

"ಈಗ ಬರವಲ್ದುರಿ," ಎಂದಳು.

ಅಪ್ಪ ಮುಖಕ್ಕೆ ಅಂಗೈ ಮುಚ್ಚಿಕೊಂಡ. ಯೋಹಾನ ಗೋಡೆಯ ಕಡೆ ತಿರುಗಿದ. ಅವ್ವ ಎದ್ದು ನಮಗೆ ಉಣ್ಣಲಿಕ್ಕೆ ಹಾಕಿದಳು, ತಟ್ಟೆಗಳನ್ನು ತೊಳೆದು ಬೋರಲು ಹಾಕಿದಳು, ಮರುದಿನದ ಬೆಂಕಿಗೆಂದು ಒಲೆಯ ಕೆಂಡವನ್ನು ಒಂದು ಕಡೆ ಕೂಡಿಸಿ ಮೇಲೆ ಬೂದಿ ಎಳೆದು ಮುಚ್ಚಿದಳು. ಆ ದಿನದ ಕೆಲಸದಲ್ಲಿ ಅದು ಕೊನೆಯದು.